ಎರಡನೇ ಕಟ್ಟಡದ ಬಗ್ಗೆ ನಾವು ಕೇಳಿದ್ದು

ನಮ್ಮ ಹೋಟೆಲು ಇರುವುದು ಮುಂಬಯಿಯ ಪೂರ್ವ ಉಪನಗರದಲ್ಲಿ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಹೋಗುವ ಬಸ್ಸುಗಳು ತಿರುಗುವ ಮೂಲೆಯಲ್ಲಿ. ಸ್ವಲ್ಪ ದೂರದಲ್ಲಿ ಸರಕಾರದ ಅಣುಸ್ಥಾವರವೊಂದಿದೆ. ಅಲ್ಲಿಯ ಬೆಳಗಿನ ಪಾಳಿಯವರು ನಮ್ಮಲ್ಲಿ ಇಡ್ಲಿ ತಿಂದೇ ಒಳಗೆ ಹೋಗುತ್ತಾರೆ. ಅಡುಗೆಮನೆ ನನ್ನ ಗಂಡನದು, ಗಲ್ಲಾ ನನ್ನದು. ಉಡುಪಿಯಿಂದ ಮದುವೆಯಾಗಿ ಬಂದಾಗಿನಿಂದ ಅಲ್ಲಿ ಕೂತಿದ್ದೇನೆ. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು ಬಂದವರನ್ನು ‘ನಿಮಗೆ ಒಳಗೆ ಏನು ಕೆಲಸ’ ಎಂದು ಕೇಳುವ ರೂಢಿ ನಮ್ಮ ಮೂಲೆಯಲ್ಲಿ ಯಾರಿಗೂ ಇರಲಿಲ್ಲ.

ಒಂದು ದಿನ ಮುನಿಸಿಪಾಲಿಟಿ ಶಾಲೆಯ ಗೋಡೆಯ ಮೇಲೆ ನೋಟೀಸು ಬಂತು. ಸ್ಥಾವರದ ಆವರಣದಲ್ಲಿ ಎರಡು ಹೊಸ ಕಟ್ಟಡ ಬರಲಿವೆ, ಮೊದಲನೆಯದರ ಬಗ್ಗೆ ಜನರ ಅಭಿಪ್ರಾಯ ಕೇಳಲು ಸಭೆ. ಎರಡನೆಯದು ದೇಶದ ರಕ್ಷಣೆಗೆ ಸೇರಿದ್ದು, ಅದರ ಚರ್ಚೆ ಇಲ್ಲ. ಅಣುಬಾಂಬಿಗೆ ಸಂಬಂಧಿಸಿದ ಕೆಲಸ ಅಲ್ಲಿ ನಡೆಯುತ್ತದೆ ಎಂದು ನಮ್ಮ ಓಣಿ ತಾನೇ ಅರ್ಥ ಮಾಡಿಕೊಂಡಿತು. ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ನಮ್ಮಲ್ಲಿ ತರಕಾರಿ ಹೆಚ್ಚುವ ಹೆಂಗಸು ಯಾದಗಿರಿ ಕಡೆಯವಳು. ಅವಳಿರುವ ಚಾಳ್, ಒಂದಕ್ಕೊಂದು ಅಂಟಿದ ಕೋಣೆಮನೆಗಳ ಸಾಲು, ಆ ಆವರಣದ ಗೋಡೆಗೇ ಅಂಟಿಕೊಂಡಿದೆ. ನಾನು ನೋಟೀಸು ಓದಿ ಹೇಳಿ, ಸಭೆಗೆ ಹೋಗುತ್ತೇನೆ ಎಂದಾಗ ಅವಳು ಈಳಿಗೆಯಿಂದ ಕೈ ತೆಗೆದಳು.

“ನಾನೂ ಮೀಟಿಂಗಿಗೆ ಬರ್ತೀನ್ರಿ ಅಕ್ಕಾರ. ನಂದೂ ಒಂದು ಮಾತು ಕೇಳೋದೈತಿ.”

ನನ್ನ ಗಂಡನಿಗೆ ಇದು ಸರಿಬರಲಿಲ್ಲ. “ಅವರೆಲ್ಲ ನಮ್ಮ ಗಿರಾಕಿಗಳು ಮಾರಾಯ್ತಿ. ನಿಂಗೆ ಆ ಉಸಾಬರಿ ಎಂತಕ್ಕೆ?”

“ಅವರಿಗೆ ಇಡ್ಲಿ ಕೊಡುದು ನಿಲ್ಲಿಸ್ತೇನೆ ಅಂತ ಹೇಳ್ಲಿಲ್ಲವಲ್ಲ. ಕೇಳಿ ಬರ್ತೇನೆ, ಅಷ್ಟೆ” ಎಂದೆ ನಾನು.

ಶಾಲೆಯ ಹಾಲ್ ತುಂಬಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಚಿತ್ರಗಳು ಬಂದು ಹೋದವು, ಆಮೇಲೆ ಮರಾಠಿಯಲ್ಲಿ ಅವಸರದ ಸಾರಾಂಶ. ಅವಳ ಸರದಿ ಬಂತು. ಮೈಕಿನ ಮುಂದೆ ಕನ್ನಡದಲ್ಲಿ ಶುರು ಮಾಡಿದಳು. ವೇದಿಕೆಯ ನಡುವೆ ಕೂತ ಅಧಿಕಾರಿ, ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿ ಎಂದರು. ಅವಳು ಗಕ್ಕನೆ ನಿಂತಳು. ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತೆ.

“ನೀನು ಹೇಳು. ನಾನು ಹಿಂದಿಯಲ್ಲಿ ಹೇಳ್ತೇನೆ.”

“ಸಾಹೇಬ್ರ, ಒಳಗ ಏನ್ ಮಾಡ್ತೀರಿ ನನಗ ತಿಳೀದಿಲ್ರಿ. ಗ್ವಾಡಿ ಆಚೀಕಡಿ ನಿಮ್ದು, ಈಚೀಕಡಿ ನಮ್ಮ ಮನಿ. ಸೈರನ್ ಹೊಡದ್ರ ಹುಡುಗ್ರನ್ನ ಕರ್ಕೊಂಡು ಯಾ ಕಡಿ ಓಡ್ಬೇಕು, ಅಷ್ಟು ಹೇಳ್ರಿ.”

ಅದಕ್ಕೆಲ್ಲ ಒಂದು ಯೋಜನೆ ಇದೆ ಎಂದರು ಅಧಿಕಾರಿ. ಎಲ್ಲಿದೆ ಎಂದೆ. ಕಚೇರಿಯಲ್ಲಿದೆ ಎಂದರು. ಹಾಲಿನಲ್ಲಿ ಯಾರೋ ನಕ್ಕರು. ಆ ನಗು ಕೇಳಿಯೇ ಇರಬೇಕು, ನಾನು ಯೋಚಿಸಿರದ ಪ್ರಶ್ನೆಯೊಂದು ನನ್ನ ಬಾಯಿಗೆ ಬಂತು.

“ಎರಡನೇ ಕಟ್ಟಡದ ವಿಷಯ?”

“ಅದು ಈ ಸಭೆಯಲ್ಲಿ ಬರುವುದಿಲ್ಲ.”

“ಅಲ್ಲಿ ಏನು ತಯಾರಾಗ್ತದೆ ಅಂತ ಕೇಳ್ತಾ ಇಲ್ಲ. ನಮ್ಮನ್ನು ಕೇಳುವ ಅಗತ್ಯವಿಲ್ಲ ಅಂತ ತೀರ್ಮಾನ ಮಾಡಿದ್ದು ಯಾರು? ಅವರ ಮುಂದೆ ನಾವು ಎಲ್ಲಿ ಮಾತಾಡಬೇಕು?”

ಅವರು ಮುಂದಿನವರನ್ನು ಕರೆದರು. ನಾನು ಮೈಕ್ ಬಿಡಲಿಲ್ಲ. “ಈ ಪ್ರಶ್ನೆ ಬರೆದುಕೊಳ್ಳಿ. ಉತ್ತರ ಕೊಡಲಿಲ್ಲ ಅಂತಲೂ ಬರೆದುಕೊಳ್ಳಿ” ಎಂದೆ.

ಮರುದಿನ ಬೆಳಗಿನ ಗಿರಾಕಿಗಳು ಕಡಿಮೆಯಾದರು. ಗಂಡ ಉಳಿದ ಹಿಟ್ಟನ್ನು ಫ್ರಿಜ್ಜಿಗಿಟ್ಟ. ಧಾರವಾಡ ಕಡೆಯ ಹಿರಿಯ ಇಂಜಿನಿಯರೊಬ್ಬರು ಮಾತ್ರ ಎಂದಿನಂತೆ ಬಂದರು. ಬಿಲ್ ಕೊಡುವಾಗ ನಿಂತರು.

“ಬಾಂಬಿನ ವಿಷಯ ಸಾಲಿ ಹಾಲ್‌ನಾಗ ಕೈ ಎತ್ತಿಸಿ ನಿರ್ಧಾರ ಮಾಡೂದಲ್ಲ ತಾಯಿ. ವೈರಿ ದೇಶದವರೂ ಕೇಳಸ್ಕೋತಾರ.”

“ನಿಮ್ಮ ಗುಟ್ಟು ನಿಮಗಿರಲಿ ಸರ್. ಆದರೆ ಅಪಾಯದಲ್ಲಿ ನಮಗೆ ಪಾಲುಂಟು. ಮಾತಿನಲ್ಲಿ ಮಾತ್ರ ಇಲ್ವಾ?”

ಅವರು ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಮರುದಿನವೂ ಬಂದರು, ಮತ್ತೆ ವಾದ ಮಾಡಿದರು. ನನಗೆ ಆ ವಾದ ಇಷ್ಟವಾಗುತ್ತಿತ್ತು. ಕೊನೆಪಕ್ಷ ಒಬ್ಬರು ನನಗೆ ಉತ್ತರ ಕೊಡುತ್ತಿದ್ದರು.

ಸಭೆಯ ವರದಿ ಬಂದಾಗ ನನ್ನ ಮಾತೂ ತರಕಾರಿ ಹೆಚ್ಚುವವಳ ಮಾತೂ ಅದರಲ್ಲಿ ಇರಲಿಲ್ಲ. ‘ಸ್ಥಳೀಯ ಸಮಸ್ಯೆಗಳು ಪ್ರಸ್ತಾಪವಾದವು’ ಎಂದಷ್ಟೇ ಇತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ನಾವಿಬ್ಬರೂ ಲೋಕಲ್ ರೈಲು ಹತ್ತಿ, ಸಭೆ ಕರೆದವರ ಫೋರ್ಟಿನ ಕಚೇರಿಗೆ ಹೋದೆವು. ಸಾಹೇಬರು ಇಲ್ಲ ಎಂದರು. ಮುಂದಿನ ವಾರ ಹೋದೆವು, ಫೈಲು ಇಲ್ಲ ಎಂದರು. ಮತ್ತೆ ಹೋದೆವು. ಓಣಿಯ ಬೇರೆ ಹೆಂಗಸರೂ ಬರತೊಡಗಿದರು, ಬೆಂಚು ಸಾಲದಾಯಿತು. ಕೊನೆಗೆ ಒಬ್ಬ ಗುಮಾಸ್ತರು ಬೇಸತ್ತೋ ಕರುಣೆಯಿಂದಲೋ ನಮ್ಮ ಮಾತನ್ನು ನಮ್ಮೆದುರೇ ಟೈಪು ಮಾಡಿಸಿ ವರದಿಗೆ ಸೇರಿಸಿದರು. ತರಕಾರಿ ಹೆಚ್ಚುವವಳು ಅದನ್ನು ಎರಡೆರಡು ಸಲ ಓದಿಸಿಕೊಂಡಳು.

“ನಾ ಹುಡುಗ್ರು ಅಂದಿದ್ದೆ. ಇಲ್ಲಿ ‘ನಿವಾಸಿಗಳು’ ಅಂತ ಬರದಾರಲ್ರಿ.” ಅದನ್ನೂ ತಿದ್ದಿಸಿದಳು.

ಮಳೆಗಾಲ ಕಳೆದ ಮೇಲೆ ಮುನಿಸಿಪಾಲಿಟಿಯ ವಾರ್ಡ್ ಕಚೇರಿಯವರು ಓಣಿಗೆ ಬಂದರು. ಸೈರನ್ ಆದರೆ ಬಸ್ ಡಿಪೋ ಹಿಂದಿನ ಮೈದಾನಕ್ಕೆ ಹೋಗಬೇಕು ಎಂದರು. ಆ ದಾರಿಯ ಗೇಟಿಗೆ ಸದಾ ಬೀಗ ಎಂದು ನಾವು ತೋರಿಸಿದೆವು. ಬೀಗ ತೆಗೆಸುವುದಕ್ಕೇ ಇನ್ನಷ್ಟು ಓಡಾಟವಾಯಿತು. ಒಂದು ಭಾನುವಾರ ಬೆಳಿಗ್ಗೆ ಇಡೀ ಚಾಳ್ ಮಕ್ಕಳು ಮುದುಕರ ಸಮೇತ ಆ ಗೇಟು ದಾಟಿ ಮೈದಾನಕ್ಕೆ ನಡೆದು ನೋಡಿತು.

ಎರಡನೇ ಕಟ್ಟಡ ಏಳುತ್ತಿದೆ. ನನ್ನ ಪ್ರಶ್ನೆಗೆ ಈವರೆಗೆ ಉತ್ತರ ಬಂದಿಲ್ಲ. ಸ್ಥಾವರದ ಸುರಕ್ಷತಾ ಸಮಿತಿಯಲ್ಲಿ ಓಣಿಯವರೊಬ್ಬರು ಇರಬೇಕು ಎಂದು ಈಗ ಅರ್ಜಿ ಹಾಕಿದ್ದೇವೆ. ಕಳೆದ ವಾರ ಅದನ್ನು ವಿಚಾರಿಸಲು ಹೊರಟಾಗ ನನ್ನ ಗಂಡ ಏಪ್ರನ್ ಬಿಚ್ಚಿಟ್ಟು ಶರ್ಟು ಹಾಕಿಕೊಂಡ. ನಮ್ಮೊಂದಿಗೆ ಲೋಕಲ್ ಹತ್ತಿದ. ಫೋರ್ಟಿನ ಕಚೇರಿಯಲ್ಲಿ ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರು.

“ಊಟ ಆಗಲಿ. ನಾವು ಕೂತಿರ್ತೇವೆ” ಎಂದು ಹೇಳಿ ಅವನು ಎಲ್ಲರಿಗಿಂತ ಮುಂಚೆ ಬೆಂಚಿನ ಮೇಲೆ ಕೂತ.