ಮಾವನ ಗೆಣಸು, ಅಳಿಯನ ಗೆಣಸು

ಸಂಕ್ರಾಂತಿಯ ಹಿಂದಿನ ದಿನ ಮಧ್ಯಾಹ್ನ ನಮ್ಮ ಯಜಮಾನರು ಹಿತ್ತಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಗೆಣಸು ಹೂಳುತ್ತಿದ್ದರು. ಸರಿಯಾಗಿಯೇ ಓದಿದಿರಿ. ಕೀಳುತ್ತಿರಲಿಲ್ಲ, ಹೂಳುತ್ತಿದ್ದರು.

ತಪ್ಪು ನಮ್ಮಪ್ಪನದು. ಯಗಟಿಯ ತಮ್ಮ ಹೊಲದಿಂದ ಪ್ರತಿ ಸಂಕ್ರಾಂತಿಗೂ ಒಂದು ಚೀಲ ಗೆಣಸು ಹೊತ್ತು ಕಡೂರಿನ ನಮ್ಮ ಮನೆಗೆ ಬರುತ್ತಾರೆ. ಗೆಣಸಿನ ಜೊತೆ ಒಂದು ಭಾಷಣ ಫ್ರೀ. ಹೋದ ಸಲ ಇವರು, ನಾನೂ ಹಿತ್ತಿಲಲ್ಲಿ ಗೆಣಸು ಹಾಕಬೇಕು ಅಂತಿದ್ದೀನಿ ಮಾವ, ಅಂದುಬಿಟ್ಟರು. ಅಪ್ಪ ನಕ್ಕರು. "ನಲ್ಲಿ ನೀರಲ್ಲಿ ಗೆಣಸಾಗಂಗಿದ್ರೆ ನಾನ್ಯಾಕೆ ಹೊಲ ಇಟ್ಕಬೇಕಿತ್ತು ಅಳಿಯಂದ್ರೇ?"

ಅಷ್ಟೇ. ಅಳಿಯಂದಿರ ಮಾನದ ಪ್ರಶ್ನೆಯಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿ ತಂದು ನೆಟ್ಟರು. ದಿನಾ ಎರಡು ಹೊತ್ತು ನೀರು, ವಾರವಾರ ಗೊಬ್ಬರ. (ಕಾಫಿ ಕುಡಿದ ಲೋಟ ಎತ್ತಿಡದ ಮನುಷ್ಯ ಇವರು.) ಬಳ್ಳಿ ಹಬ್ಬಿತು ನೋಡಿ, ಬಟ್ಟೆ ಒಗೆಯುವ ಕಲ್ಲೇ ಕಾಣದಂತೆ! ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೇ ಹಾಕಿದ್ದು. ಹಬ್ಬದ ದಿನ ನೀವೇ ಬಂದು ಮೊದಲ ಬುಡ ಕೀಳಬೇಕು ಎಂದು ಮಾವನಿಗೆ ಫೋನ್ ಬೇರೆ ಮಾಡಿದರು.

ಹಿಂದಿನ ದಿನ ಟೆಸ್ಟಿಂಗ್‌ಗೆಂದು ಒಂದು ಬುಡ ಕೆದಕಿದರು. ಪೆನ್ಸಿಲ್ ಗಾತ್ರದ ಬೇರು. ಇನ್ನೊಂದು ಕೆದಕಿದರು. ಅದೂ ಹಾಗೇ. ಉಂಡದ್ದೆಲ್ಲ ಎಲೆಗೇ ಹೋಗಿತ್ತು. ಅವರ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ? ಕಬ್ಬು ತರುತ್ತೇನೆಂದು ಮಾರ್ಕೆಟ್‌ಗೆ ಹೋದವರು ಕಬ್ಬು ಬಿಟ್ಟು ಒಂದು ಚೀಲ ಗೆಣಸು ಹೊತ್ತು ಬಂದರು. ಅಜ್ಜಂಪುರದ ಕಡೆಯ ಮಾಲಂತೆ, ಮಣ್ಣು ಮೆತ್ತಿರುವುದನ್ನೇ ಆರಿಸಿ ತಂದರಂತೆ. "ನೀನು ಬಾಯ್ ಬಿಡ್ಬೇಡ ಕಣೇ," ಅಂದರು.

ಮಾರನೆಯ ಬೆಳಗ್ಗೆ ಅಪ್ಪ, ಅಮ್ಮ ಬಂದರು. ಅಪ್ಪನ ಹೆಗಲ ಮೇಲೆ ಎಂದಿನ ಚೀಲ. ಅದನ್ನಿಳಿಸಿ ನೇರ ಹಿತ್ತಿಲಿಗೆ ಹೋಗಿ ಗುದ್ದಲಿ ಹಾಕಿದರು. ದಪ್ಪ ದಪ್ಪ ಗೆಣಸು, ಯಾವ ಬೇರಿಗೂ ಅಂಟಿಕೊಳ್ಳದೆ ಆರಾಮಾಗಿ ಮಲಗಿದ್ದವು. ಜೀವಮಾನವೆಲ್ಲ ಹೊಲ ಗೆಯ್ದ ಮನುಷ್ಯನಿಗೆ ಇಷ್ಟು ಗೊತ್ತಾಗುವುದಿಲ್ಲವೇ? ಅಪ್ಪ ಒಂದನ್ನು ತಿರುಗಿಸಿ ನೋಡಿದರು. ಅಳಿಯನ ಮುಖ ನೋಡಿದರು. ಪರವಾಗಿಲ್ಲ, ಚೆನ್ನಾಗೇ ಬಂದಿದೆ ಅಂದರು. ಭಾಷಣ ಇಲ್ಲವೇ ಇಲ್ಲ!

ನಮ್ಮಪ್ಪ ಇಷ್ಟು ದೊಡ್ಡ ಮನಸ್ಸಿನವರಾದದ್ದು ಯಾವಾಗ?

ಉತ್ತರ ಅಡುಗೆಮನೆಯ ಸಿಂಕ್‌ನಲ್ಲಿ ಸಿಕ್ಕಿತು. ನಮ್ಮ ಹಿತ್ತಿಲು ಕೆಂಪು ಮಣ್ಣಿನದು. ಅಪ್ಪನ ಹೊಲವೂ ಕೆಂಪೇ. ಇವರ ಗೆಣಸು ತೊಳೆದೆ. ಮೇಲಿನ ಕೆಂಪು ಹೋದ ಮೇಲೆ ಅಜ್ಜಂಪುರದ ಕರಿಮಣ್ಣು ಇಳಿಯಿತು. ಆಮೇಲೆ ಅಪ್ಪನ ಚೀಲ ಸುರಿದು ತೊಳೆದೆ. ನೀರು ಮೊದಲಿಂದಲೇ ಕಪ್ಪು.

ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನನ್ನು ನೋಡಿದೆ. ಅಮ್ಮ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ಪಿಸುಗುಟ್ಟಿದಳು: "ನಮ್ದೆಲ್ಲ ಹಂದಿ ತಿಂದೋಯ್ತು ಕಣೇ. ನಿಮ್ಮಪ್ಪ ಬಸ್ ಇಳಿದ್ಮೇಲೆ ಇಲ್ಲೇ ಮಾರ್ಕೆಟ್‌ನಲ್ಲಿ ತಗಂಡ್ರು. ಅಳಿಯಂದ್ರಿಗೆ ಹೇಳ್ಬೇಡ."

ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸಿದೆ. ತಿನ್ನುವಾಗ ಅಪ್ಪ, ಹೊಲದ್ದೇ ಸಿಹಿ ಅಂದರು. ಇವರು, ಹಿತ್ತಿಲಿನದೇ ಸಿಹಿ ಅಂದರು. ನಾನೂ ಅಮ್ಮನೂ ತಟ್ಟೆ ನೋಡಿಕೊಂಡು ತಿಂದೆವು. ಹೊರಡುವಾಗ ಅಪ್ಪ ನಮ್ಮ ಹಿತ್ತಿಲ ಬಳ್ಳಿಯನ್ನು ಒಂದು ಕಟ್ಟು ಕೇಳಿ ಇಸಕೊಂಡರು. (ತಳಿ ಒಳ್ಳೆಯದಂತೆ!)

ಅಂದ ಹಾಗೆ, ಆ ಗೆಣಸನ್ನು ನಿಜವಾಗಿ ಬೆಳೆದ ಅಜ್ಜಂಪುರದ ಪುಣ್ಯಾತ್ಮ ಹಬ್ಬದ ದಿನ ಯಾರ ಮುಂದೆ ಜಂಬ ಕೊಚ್ಚಿಕೊಂಡಿರಬಹುದು?