ಇಪ್ಪತ್ತನೆಯ ಹಾಜರಿ

ನಾನು ಒಂದು ದಿನವೂ ರತ್ನಳ ತರಗತಿಯಲ್ಲಿ ಕೂತಿರಲಿಲ್ಲ. ಕೂತಿದ್ದೆ ಎಂದು ಹನ್ನೊಂದು ಸಲ ಬರೆದು ಸಹಿ ಮಾಡಿದ್ದೆ. ಆ ಹನ್ನೊಂದು ಸುಳ್ಳುಗಳನ್ನು ಉಳಿಸಿಕೊಳ್ಳಲು ಹನ್ನೆರಡನೆಯದೊಂದನ್ನು ಬಾಯಿಬಿಟ್ಟು ಹೇಳಿದೆ. ಅದರಿಂದ ಒಬ್ಬ ಹುಡುಗಿ ಟೀಚರಾಗುವುದು ತಪ್ಪಿತು. ತಪ್ಪಿದ್ದು ಅಷ್ಟೇ ಆಗಿದ್ದರೆ — ಇಲ್ಲ, ಅವಳು ತನ್ನ ಕಿವಿಯನ್ನೇ ತಾನು ನಂಬದಂತಾದಳು. ಅದನ್ನು ಮಾಡಿದವಳು ನಾನು.

ನನ್ನ ಹೆಸರು ಜಯಲಕ್ಷ್ಮಿ. ಹಾಸನದಲ್ಲಿ ಟೀಚರ್ ಕೆಲಸದ ಪರೀಕ್ಷೆಗಳಿಗೆ ತರಬೇತಿ ಕೊಡುವ ಕೇಂದ್ರ ನಡೆಸುತ್ತೇನೆ. ಬಾಗೂರು ಸಂತೆಯಲ್ಲಿ ಅವ್ವನ ಪಕ್ಕ ಕೂತು ಬದನೆಕಾಯಿ ಮಾರಿ ಬೆಳೆದವಳು. ಗಿರಾಕಿಯ ಮುಖ ನೋಡಿದರೆ ಅವನು ಎಷ್ಟಕ್ಕೆ ಒಪ್ಪುತ್ತಾನೆ ಎಂದು ಹೇಳಬಲ್ಲೆ. ಯಾರ ಹಂಗೂ ಇಲ್ಲದೆ ಮೇಲೆ ಬಂದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಅದೂ ಪೂರ್ತಿ ನಿಜವಲ್ಲ. ಒಬ್ಬಳ ಹಂಗಿದೆ — ಅವಳು ಬಾಯಿ ಮುಚ್ಚಿಕೊಂಡಿದ್ದುದರ ಹಂಗು.

ಬಿ.ಎಡ್. ಮಾಡಿದವರಿಗೆ ಗೊತ್ತಿರುವ ಸಂಗತಿ, ಉಳಿದವರಿಗಾಗಿ ಹೇಳುತ್ತೇನೆ. ನಾವು ಪಾಠ ಮಾಡುವುದಷ್ಟೇ ಅಲ್ಲ, ಜೊತೆಯವರು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು, ಕಂಡದ್ದನ್ನು ಬರೆದು ಸಹಿ ಹಾಕಬೇಕು. ಅದಕ್ಕೆ ಅವಲೋಕನ ಎನ್ನುತ್ತಾರೆ. ಕೂರುವವರು ಕಡಿಮೆ. ನಿನ್ನದು ನಾನು ಬರೆಯುತ್ತೇನೆ, ನನ್ನದು ನೀನು ಬರೆ — ‘ಧ್ವನಿ ಸ್ಪಷ್ಟ, ಶಿಸ್ತು ಉತ್ತಮ, ಕಪ್ಪುಹಲಗೆಯ ಬಳಕೆ ಚೆನ್ನಾಗಿದೆ.’ ಒಂದು ಸಂಜೆಗೆ ಮುಗಿಯುವ ಕೆಲಸ. ನಮ್ಮ ಕಡೆ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಹೊಂದಾಣಿಕೆ ಎನ್ನುತ್ತಾರೆ. ಈ ಹೊಂದಾಣಿಕೆ ಕುದುರಿಸಿದವಳು ನಾನೇ. ರತ್ನಳಿಗೆ ಮನಸ್ಸಿರಲಿಲ್ಲ, ನಾನು ಒಪ್ಪಿಸಿದೆ. ಒಪ್ಪಿಸುವುದು ನನಗೆ ಬರುತ್ತದೆ.

ಆಗ ನಾವಿಬ್ಬರೂ ಫಿನ್ಲೆಂಡಿನ ಉತ್ತರಕ್ಕಿರುವ ಒಂದು ಸಣ್ಣ ಊರಿನಲ್ಲಿದ್ದೆವು. ಹಾಸನದ ನಮ್ಮ ಕಾಲೇಜು ಆ ವರ್ಷ ಇಬ್ಬರು ವಿದ್ಯಾರ್ಥಿ ಶಿಕ್ಷಕಿಯರನ್ನು ಎರಡು ತಿಂಗಳ ಮಟ್ಟಿಗೆ ಅಲ್ಲಿನ ಶಾಲೆಗೆ ಕಳಿಸಿತ್ತು, ಅಲ್ಲಿಂದ ಇಬ್ಬರು ಇಲ್ಲಿಗೆ ಬಂದಿದ್ದರು. ರತ್ನ ಅರಕಲಗೂಡು ಕಡೆಯ ಹಳ್ಳಿಯವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ನನ್ನನ್ನು ಜಯಕ್ಕ ಎನ್ನುತ್ತಿದ್ದಳು. ಬೆಳಿಗ್ಗೆ ಶಾಲೆಯ ಗಂಟೆ ಹೊಡೆದಾಗ ಹೊರಗೆ ಇನ್ನೂ ಕತ್ತಲು. ಮಧ್ಯಾಹ್ನ ಊಟವಾಗಿ ಕೈ ತೊಳೆಯುವ ಹೊತ್ತಿಗೆ ಮತ್ತೆ ಮಬ್ಬು. ಯಾರೂ ಜೋರಾಗಿ ಮಾತಾಡುವುದಿಲ್ಲ. “ಈ ಊರ್ನೋರು ಮಾತಾಡಕ್ಕೂ ರೇಷನ್ ಕಾರ್ಡ್ ಕೇಳ್ತಾರೆ ಕಣೆ” ಎಂದು ನಾನು ರತ್ನಳನ್ನು ನಗಿಸುತ್ತಿದ್ದೆ.

ಅಲ್ಲಿ ಹಾಜರಿ ಕೂಗುವ ಪದ್ಧತಿಯಿಲ್ಲ. ಟೀಚರು ಕಣ್ಣಾಡಿಸಿ ಕಂಪ್ಯೂಟರಿನಲ್ಲಿ ಗುರುತು ಹಾಕುತ್ತಾರೆ, ಮುಗಿಯಿತು. ರತ್ನ ಹಾಸನದ ಬಸ್ ನಿಲ್ದಾಣದ ಹತ್ತಿರ ಕೊಂಡ ಉದ್ದನೆಯ ಹಾಜರಿ ಪುಸ್ತಕವೊಂದನ್ನು ಪೆಟ್ಟಿಗೆಯಲ್ಲಿ ತಂದಿದ್ದಳು. ತನ್ನ ತರಗತಿಯ ಹತ್ತೊಂಬತ್ತು ಮಕ್ಕಳ ಹೆಸರನ್ನು ಕನ್ನಡದಲ್ಲಿ ಬರೆದು, ನಮ್ಮ ಶಾಲೆಯ ಥರ ದಿನಾ ಕೂಗುತ್ತಿದ್ದಳು. ಮಕ್ಕಳಿಗೆ ಅದೊಂದು ಆಟ. ಒಬ್ಬೊಬ್ಬರೇ ಎದ್ದು “ಹಾಜರ್ ಮಿಸ್” ಎನ್ನುತ್ತಿದ್ದವು. ಬೆಳಗಿನ ಆ ಮೊದಲ ಅರ್ಧ ಗಂಟೆ ತರಗತಿ ಪೂರ್ತಿ ನಮಗೆ ಬಿಟ್ಟದ್ದು; ಅಲ್ಲಿನ ಟೀಚರು ಒಳಗೆ ಬರುತ್ತಿರಲಿಲ್ಲ. ನಾನಿರಬೇಕಾಗಿದ್ದುದು ಆಗ, ಹಿಂದಿನ ಬೆಂಚಿನಲ್ಲಿ. ನಾನು ಸಿಬ್ಬಂದಿಯ ಕೋಣೆಯಲ್ಲಿ ಒಬ್ಬಳೇ ಫಿಲ್ಟರ್ ಕಾಫಿ ಇಳಿಸಿ, ಆಮೇಲೆ ಮುಖ್ಯ ಶಿಕ್ಷಕಿಗೆ ಒಯ್ದು ಕೊಟ್ಟು, ಒಳ್ಳೆಯ ಶಿಫಾರಸು ಪತ್ರಕ್ಕೆ ದಾರಿ ಮಾಡಿಕೊಳ್ಳುತ್ತಿದ್ದೆ.

ಎರಡನೆಯ ವಾರದ ಒಂದು ಸಂಜೆ ನಾನು ಉಪ್ಪಿಟ್ಟು ಕೆದಕುತ್ತಿದ್ದಾಗ ರತ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಜಯಕ್ಕ, ನಗ್ಬ್ಯಾಡ. ಕೊನೇ ಎಸ್ರು ಕೂಗಿ ಪುಸ್ತಕ ಮುಚ್ತೀನಿ ನೋಡು... ಆಮೇಲೆ ಇನ್ನೊಂದ್ಸಲ ಆಜರ್ ಮಿಸ್ ಅಂತದೆ ಕಣಕ್ಕ. ಕಿಟಕಿ ಮಗ್ಗುಲಿಂದ.”

“ಗ್ವಾಡೆಗೆ ಬಡ್ದು ವಾಪಸ್ ಬತ್ತೈತೇನೋ. ಮರದ ಕಟ್ಟಡ ಅಲ್ವೇನೆ.”

“ಗ್ವಾಡೆ ಆದ್ರೆ ಅತ್ತೊಂಬತ್ತು ಸಲವೂ ಏಳ್ಬೇಕಲ್ವಾ? ಇದು ಒಂದೇ ಸಲ ಏಳ್ತದೆ. ತನ್ನ ಸರದಿ ಕಾಯ್ಕೊಂಡು ಕುಂತಿದ್ದಂಗೆ.”

ನಾನು ನಕ್ಕೆ. ಅವಳು ಇನ್ನೊಂದು ವಿಷಯ ಹೇಳಿದಳು. ಆ ಶಾಲೆಯಲ್ಲಿ ಎಲ್ಲರೂ ಬೂಟುಗಳನ್ನು ಹೊರಗೇ ಬಿಟ್ಟು ಕಾಲುಚೀಲದಲ್ಲಿ ಒಳಗೆ ಬರುತ್ತಾರೆ. ನೆಲ ಸದಾ ಒಣಗಿರುತ್ತದೆ. ಕಿಟಕಿ ಪಕ್ಕದ ಖಾಲಿ ಕುರ್ಚಿಯ ಕೆಳಗೆ ಮಾತ್ರ ದಿನಾ ಅಂಗೈಯಗಲದ ಎರಡು ಕಡೆ ನೀರು. ಹಿಮದಲ್ಲಿ ನಡೆದು ಬಂದ ಕಾಲಿನಿಂದ ಇಳಿದ ಹಾಗೆ.

“ಒಂದ್ಸಲ ಬಂದು ಇಂದ್ಗಡೆ ಕುಂತ್ಕೊಳಕ್ಕ,” ಎಂದಳು. “ನಿಂಗೂ ಕೇಳಿಸ್ತು ಅಂದ್ರೂ ಸರಿ, ಕೇಳಿಸ್ಲಿಲ್ಲ ಅಂದ್ರೂ ಸರಿ. ನನ್ ತಲೆ ನೆಟ್ಟಗದಾ ಇಲ್ವಾ ಅಂತ ನಂಗೆ ಗೊತ್ತಾಗ್ಬೇಕು.”

“ಲೇ, ನಿನ್ ಪಾಠ ನಾನ್ಯಾಕೆ ನೋಡ್ಲಿ? ಬರ್ದಾಯ್ತಲ್ಲ, ಶಿಸ್ತು ಉತ್ತಮ ಅಂತ. ತಿನ್ನು, ಆರೋಯ್ತದೆ.”

ಅವಳು ಮತ್ತೆ ಎರಡು ಸಲ ಕೇಳಿದಳು. ನಾನು ಮತ್ತೆ ಎರಡು ಸಲ — ಸಮಯವಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಸಮಯವಿತ್ತು. ಹತ್ತು ಹೆಜ್ಜೆಯ ಕಾರಿಡಾರು.

ರತ್ನ ಪುಸ್ತಕದಲ್ಲಿ ಇಪ್ಪತ್ತನೆಯ ಸಾಲು ಎಳೆದಳು. ಹೆಸರಿನ ಜಾಗ ಖಾಲಿ ಬಿಟ್ಟು, ದಿನಾ ಅದರ ಮುಂದೆ ಹಾಜರಿಯ ಗುರುತು ಹಾಕತೊಡಗಿದಳು. “ಬಂದಿದೀನಿ ಅಂತ ಮಗು ಏಳ್ದಾಗ ಬಂದಿಲ್ಲ ಅಂತ ಎಂಗ್ ಬರೀಲಿ?” ಎನ್ನುತ್ತಿದ್ದಳು. ಆಮೇಲೊಂದು ದಿನ ಅಂಗಡಿಯಿಂದ ಕೆಂಪು ಉಣ್ಣೆಯ ಸಣ್ಣ ಕಾಲುಚೀಲ ತಂದು ಆ ಖಾಲಿ ಕುರ್ಚಿಯ ಕೆಳಗೆ ಇಟ್ಟಳು. ಪಾಪ, ಒದ್ದೆ ಕಾಲಲ್ಲಿ ಬರುತ್ತೆ ಎಂದು. ಅದನ್ನು ಅಲ್ಲಿನ ಟೀಚರು ಕಂಡರು. ಪುಸ್ತಕವನ್ನೂ ಕಂಡರು. ಮಕ್ಕಳನ್ನು ಕೇಳಿದರು. ಹತ್ತೊಂಬತ್ತರಲ್ಲಿ ಒಂದು ಮಗುವೂ ಹೌದು ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಮೇಜು ನೋಡುತ್ತ ಕೂತವಂತೆ.

ಮರುದಿನ ಮುಖ್ಯ ಶಿಕ್ಷಕಿಯ ಕೋಣೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿದರು. ಮೇಜಿನ ಮೇಲೆ ನನ್ನ ಹನ್ನೊಂದು ಅವಲೋಕನ ವರದಿಗಳು. ಪರದೆಯ ಮೇಲೆ ಹಾಸನದಿಂದ ನಮ್ಮ ಕಾಲೇಜಿನ ಮೇಡಂ.

“ಜಯಾ, ನೀನೇ ಹೇಳಮ್ಮ,” ಎಂದರು ಮೇಡಂ. “ಹನ್ನೊಂದು ದಿನ ಅದೇ ಕ್ಲಾಸಲ್ಲಿ ಕೂತಿದೀಯ. ಅವಳು ಹೇಳೋ ಥರ ಏನಾದ್ರೂ ಕೇಳಿಸ್ತಾ?”

ನಾನು ಕೂತೇ ಇಲ್ಲ ಎಂದರೆ ವರದಿಗಳೆಲ್ಲ ಸುಳ್ಳು, ನನ್ನ ಬಿ.ಎಡ್. ಅಲ್ಲಿಗೆ ಮುಗಿಯಿತು. ಗೊತ್ತಿಲ್ಲ ಎಂದರೂ ಅನುಮಾನ. ಸಂತೆಯಲ್ಲಿ ಕಲಿತ ಲೆಕ್ಕಾಚಾರ. ರೆಪ್ಪೆ ಬಡಿಯುವಷ್ಟರಲ್ಲಿ ಮಾಡಿದೆ.

“ದಿನಾ ಕೂತಿದ್ದೆ ಮೇಡಂ. ಹತ್ತೊಂಬತ್ತೇ ಮಕ್ಕಳು, ಹತ್ತೊಂಬತ್ತೇ ದನಿ. ಅವಳಿಗೇ ಏನೋ ಆಗಿದೆ.”

ರತ್ನ ನನ್ನ ಪಕ್ಕದಲ್ಲೇ ಇದ್ದಳು. “ಇವಳು ಒಂದು ದಿನವೂ ಬಂದಿಲ್ಲ” ಎಂಬ ಮೂರು ನಾಲ್ಕು ಮಾತು ಸಾಕಿತ್ತು ಅವಳಿಗೆ. ಆಡಲಿಲ್ಲ. ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, “ಔದಾ ಅಕ್ಕ?” ಎಂದಳು. ಬೈಗುಳವಲ್ಲ, ವ್ಯಂಗ್ಯವಲ್ಲ. ನಿಜವಾಗಿ ಕೇಳಿದಳು. ನಾನೇ ಕದ್ದು ಬಂದು ಯಾವತ್ತಾದರೂ ಕೂತಿದ್ದೆನೇನೋ, ಕೂತು ಏನೂ ಕೇಳಿಸದೆ ಎದ್ದು ಹೋಗಿದ್ದೆನೇನೋ ಎಂಬಂತೆ... ನಾನು ತಲೆಯಾಡಿಸಿದೆ.

ಅದೇ ವಾರ ಅವಳನ್ನು ವಿಮಾನ ಹತ್ತಿಸಿದರು.

ಉಳಿದ ದಿನಗಳಿಗೆ ಆ ತರಗತಿಯನ್ನು ನನಗೆ ವಹಿಸಿದರು. ನಾನು ಹಾಜರಿ ಕೂಗಲಿಲ್ಲ. ಕಿಟಕಿಯ ಕಡೆ ನೋಡದೆ ಪಾಠ ಮಾಡುವುದನ್ನು ಬೇಗ ರೂಢಿ ಮಾಡಿಕೊಂಡೆ. ಕಡೆಯ ದಿನ ಮಕ್ಕಳು ಬಿಡಲಿಲ್ಲ. ಐನೋ ಎಂಬ ಹುಡುಗಿ ರತ್ನಳ ಪುಸ್ತಕವನ್ನು ಕಪಾಟಿನಿಂದ ತಂದು ನನ್ನ ಮುಂದೆ ಇಟ್ಟಳು. ಹೊರಗೆ ಕತ್ತಲು, ಗಾಜಿನ ಮೇಲೆ ಹಿಮದ ಪುಡಿ. ಕೂಗಿ ಗುರುತು ಹಾಕುತ್ತ ಹೋದೆ. ಒಬ್ಬೊಬ್ಬರೇ ಎದ್ದರು. ಹತ್ತೊಂಬತ್ತು ಹೆಸರು, ಹತ್ತೊಂಬತ್ತು ಹಾಜರ್ ಮಿಸ್. ಪುಸ್ತಕ ಮುಚ್ಚಿ ಬೆನ್ನು ತಿರುಗಿಸಿದೆ. ಮುಗಿಯಿತು, ನಾನು ಹೇಳಿದ್ದೇ ಸರಿ, ಎಂದುಕೊಳ್ಳುವಷ್ಟರಲ್ಲಿ —

“ಹಾಜರ್ ಮಿಸ್.”

ಸಣ್ಣ ದನಿ. ಕಿಟಕಿಯ ಕಡೆಯಿಂದ. ಓಡಿ ಬಂದವರ ಹಾಗೆ ಸ್ವಲ್ಪ ಏದುಸಿರು.

ತಿರುಗಿದೆ. ಒಂದು ಮಗುವೂ ಬೆಚ್ಚಿಬಿದ್ದಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಈಗ ಏನು ಮಾಡುತ್ತಾಳೆ ಎಂದು. ಖಾಲಿ ಕುರ್ಚಿಯ ಕೆಳಗೆ ನೆಲ ಎರಡು ಕಡೆ ಒದ್ದೆಯಾಗಿತ್ತು.

“ರತ್ನ ಮಿಸ್ ಆದರೆ ಗುರುತು ಹಾಕುತ್ತಿದ್ದರು,” ಎಂದಳು ಐನೋ, ತನ್ನ ಅರೆಬರೆ ಇಂಗ್ಲಿಷಿನಲ್ಲಿ.

ನಾನು ಗುರುತು ಹಾಕಲಿಲ್ಲ. ಪಾಠ ಶುರು ಮಾಡಿದೆ. ಶಿಫಾರಸು ಪತ್ರದ ಜೊತೆ ಆ ಪುಸ್ತಕವನ್ನೂ ಪೆಟ್ಟಿಗೆಗೆ ಹಾಕಿಕೊಂಡು ಊರಿಗೆ ಬಂದೆ. ಆ ಪತ್ರದ ಬಲದಿಂದ ಮೊದಲ ಕೆಲಸ, ಆ ಕೆಲಸದಿಂದ ಹೆಸರು, ಆ ಹೆಸರಿನಿಂದ ಈ ಕೇಂದ್ರ. ನನ್ನ ಕೇಂದ್ರದಲ್ಲಿ ಬೆರಳೊತ್ತುವ ಯಂತ್ರವಿದೆ. ಹಾಜರಿ ಕೂಗುವುದು ಹೊತ್ತು ದಂಡ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜವಾದ ಕಾರಣ ಬೇರೆ — ಕೊನೆಯ ಹೆಸರು ಕೂಗಿದ ಮೇಲಿನ ಆ ಒಂದು ಗಳಿಗೆ ನನ್ನಿಂದ ತಡೆಯಲಾಗುವುದಿಲ್ಲ.

ಸಲಹೆ ಕೊಡುವ ಚಟ ನನಗೆ ಬಿಡದು. ಟೀಚರಾಗಲು ಹೊರಟವರು ಕೇಳಿ: ಕೂರದ ಬೆಂಚಿಗೆ ಸಹಿ ಹಾಕಬೇಡಿ. ಯಾವತ್ತಾದರೂ ಯಾರಾದರೂ ಆ ಬೆಂಚಿನ ಮೇಲೆ ನಿಮ್ಮನ್ನು ಸಾಕ್ಷಿಗೆ ಕರೆಯುತ್ತಾರೆ.

ಇಷ್ಟನ್ನು ಬರೆದು ಮುಗಿಸಿದ್ದೆ. ಮುಂದಿನದು ಆಮೇಲೆ ಸೇರಿಸಿದ್ದು.

ರತ್ನ ಬಿ.ಎಡ್. ಮುಗಿಸಲಿಲ್ಲ. ಮನೆಯವರು ಡಾಕ್ಟರಿಗೆ ತೋರಿಸಿದರು. ಈಗ ಹೊಳೆನರಸೀಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳಿಂದ ತಿಳಿದು ವರ್ಷವೇ ಆಗಿತ್ತು. ಕಳೆದ ವಾರ ಬಸ್ಸು ಹತ್ತಿದೆ. ಚೀಲದಲ್ಲಿ ಈ ಬರಹ, ಮತ್ತು ಇಷ್ಟು ವರ್ಷ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದ ಆ ಹಾಜರಿ ಪುಸ್ತಕ.

ಕನ್ನಡಕ ಬಂದಿದೆ ಅವಳಿಗೆ. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. “ಬಾ ಜಯಕ್ಕ. ದಪ್ಪ ಆಗಿದೀಯ,” ಎಂದಳು. ನಾನು ಹಾಳೆಗಳನ್ನು ಮುಂದೆ ಚಾಚಿ, “ಮೂರು ಕಾಪಿ,” ಎಂದೆ — ಒಂದು ಕಾಲೇಜಿಗೆ, ಒಂದು ಅವಳಿಗೆ, ಒಂದು ಅಚ್ಚಿಗೆ.

ಅವಳು ಯಂತ್ರದ ಮುಚ್ಚಳ ಎತ್ತಿ ಮೊದಲ ಹಾಳೆ ಇಡುವಾಗ ಓದಿದಳು. ಮುಚ್ಚಳ ಹಾಗೇ ತೆರೆದಿತ್ತು. ನಿಂತೇ ಕೊನೆಯವರೆಗೂ ಓದಿದಳು.

“ಕೇಳಿಸ್ತಾ ನಿಂಗೆ?”

“ಕೇಳಿಸ್ತು ರತ್ನ. ಕಿಟಕಿ ಕಡೆಯಿಂದ.”

“ಓಡ್ಬಂದಂಗೆ ಇತ್ತಾ ಉಸಿರು?”

“ಹೂಂ.”

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. “ಆರು ವರ್ಷ ಮಾತ್ರೆ ನುಂಗಿದೀನಿ ಕಣಕ್ಕ,” ಎಂದಳು. “ಯಾರಾದ್ರೂ ಕರುದ್ರೆ ಓಗೊಡ್ತಿರ್ಲಿಲ್ಲ. ನಿಜವಾಗ್ಲೂ ಕರುದ್ರೋ ಇಲ್ವೋ ಅಂತ.” ಬೇಸರದ ದನಿಯೂ ಅಲ್ಲ ಅದು. ನಾನು ಚೀಲದಿಂದ ಹಾಜರಿ ಪುಸ್ತಕ ತೆಗೆದು ಅವಳ ಮುಂದಿಟ್ಟೆ.

ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದಳು: “ಅದ್ರ ಎಸ್ರು ಕೇಳಿದ್ಯಾ?”

“ಇಲ್ಲ.”

“ನಾನೂ ಧೈರ್ಯ ಮಾಡ್ನಿಲ್ಲ ನೋಡು. ನಾಳೆ ಕೇಳಾನ, ನಾಳೆ ಕೇಳಾನ ಅಂತ...” ಎಂದು ಹಾಜರಿ ಪುಸ್ತಕ ಎಳೆದುಕೊಂಡಳು. ಪುಟ ಮಗುಚಿ, ಇಪ್ಪತ್ತನೆಯ ಸಾಲಿನ ಮೇಲೆ ಬೆರಳಾಡಿಸಿ, ಕಡೆಯ ದಿನದ ಖಾಲಿ ಚೌಕದ ಮೇಲೆ ನಿಲ್ಲಿಸಿದಳು. ಪೆನ್ನು ತೆಗೆದು ಅಲ್ಲಿ ಹಾಜರಿಯ ಗುರುತು ಹಾಕಿದಳು. “ಬಂದಿತ್ತಲ್ಲ,” ಎಂದಳು.

ಆಮೇಲೆ ನನ್ನ ಕೊನೆಯ ಹಾಳೆಯನ್ನು ನನ್ನ ಕಡೆ ತಳ್ಳಿದಳು.

“ಇದ್ರಲ್ಲಿ ನಿನ್ ಸಹಿನೇ ಇಲ್ವಲ್ಲಕ್ಕ.”

ಇರಲಿಲ್ಲ. ಮರೆತೆನೋ, ಹಳೆಯ ಜಾಣತನ ಕೈ ಹಿಡಿದಿತ್ತೋ — ಅದನ್ನು ಈಗ ಸೋಸಿ ಹೇಳಲಾರೆ. ಅವಳ ಪೆನ್ನನ್ನೇ ತೆಗೆದುಕೊಂಡು, ಅವಳು ನೋಡುತ್ತಿದ್ದಂತೆಯೇ ಸಹಿ ಹಾಕಿದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಅದೂ ಒಂದು ಹೊಂದಾಣಿಕೆಯಾಗುತ್ತಿತ್ತು. ಪುಸ್ತಕ ಅವಳ ಹತ್ತಿರವೇ ಉಳಿಯಿತು. ಒಂದು ಪ್ರತಿ ಕಾಲೇಜಿಗೆ ಹೋಗಿದೆ. ಅವರು ಏನು ಮಾಡಿದರೂ ಸರಿ.

ಬೆರಳೊತ್ತುವ ಯಂತ್ರದ ವೈರು ಕಿತ್ತಿದ್ದೇನೆ. ಸೋಮವಾರದಿಂದ ನಾನೇ ಹಾಜರಿ ಕೂಗುತ್ತಿದ್ದೇನೆ. ಕೊನೆಯ ಹೆಸರಾದ ಮೇಲೆ ಪುಸ್ತಕ ಮುಚ್ಚುವುದಿಲ್ಲ. ತಲೆಯೆತ್ತಿ ಕಿಟಕಿಯವರೆಗೂ ನೋಡುತ್ತೇನೆ, ಕಾಯುತ್ತೇನೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಇನ್ನೂ ಯಾರೂ ಹೇಳಿಲ್ಲ. ಹೇಳಿದರೆ, ಈ ಸಲ ಹೆಸರು ಕೇಳುತ್ತೇನೆ.