ಮನೆಬಸ್ಸಿಗೊಂದು ಲೈಸೆನ್ಸು

ಕೊಡೆ ಹಿಡಿದು ನಡೆಯುವವನಿಗೆ ಸರ್ಕಾರ ಇನ್ನೂ ಲೈಸೆನ್ಸು ವಿಧಿಸಿಲ್ಲವೆಂಬುದು ನನ್ನ ಪೂರ್ವಜನ್ಮದ ಪುಣ್ಯ. ವಿಧಿಸಿದ್ದರೆ, ಹಂಪನಕಟ್ಟೆಯ ಸಂದಣಿಯಲ್ಲಿ ನನ್ನ ಕೊಡೆಯ ಕಡ್ಡಿಯಿಂದ ತಿವಿಸಿಕೊಂಡವರೆಲ್ಲ ಸಾಲುಗಟ್ಟಿ ಬಂದು ಸಾಕ್ಷಿ ನುಡಿದು, ಶಾಲೆಯ ಕನ್ನಡ ಪಂಡಿತನಾದ ನಾನು ಮಂಗಳೂರಿನ ಮಳೆಗಾಲವನ್ನು ಬೋಳುತಲೆಯಲ್ಲೇ ಎದುರಿಸಬೇಕಾಗುತ್ತಿತ್ತು. ಮೋಟಾರಿನವರಿಗೆ ಈ ಸೌಕರ್ಯವಿಲ್ಲ. ಸಣ್ಣ ಕಾರಿಗೆ ಒಂದು ಪರೀಕ್ಷೆ, ಬಸ್ಸು ಲಾರಿಗಳಂಥ ಭಾರದ ವಾಹನಕ್ಕೆ ಇನ್ನೊಂದು. ಸಣ್ಣದನ್ನು ಬಲ್ಲವನು ದೊಡ್ಡದನ್ನು ಬಲ್ಲನೆಂದು ಕಾನೂನು ನಂಬುವುದಿಲ್ಲ. ಗಣಪತಿಯಂಥ ಭಾರೀ ಸವಾರ ಇಲಿಯಂಥ ಲಘುವಾಹನದ ಮೇಲೆ ಯುಗಯುಗಾಂತರದಿಂದ ನಿರಪಾಯವಾಗಿ ಸಂಚರಿಸುತ್ತಿರುವುದನ್ನು ಕಂಡೂ, ನಮ್ಮ ಕಾನೂನು ತೂಗುವುದು ವಾಹನವನ್ನು ಮಾತ್ರ, ಸವಾರನನ್ನಲ್ಲ. ಒಳಗೆ ಕುಳಿತವರು ಹೊತ್ತ ಭಾರ ಎಷ್ಟೆಂದು ಯಾವ ಇನ್‌ಸ್ಪೆಕ್ಟರೂ ಕೇಳುವುದಿಲ್ಲ. ನೀವು ನನ್ನೊಡನೆ ಸ್ವಲ್ಪ ದೂರ ಬರುವುದಾದರೆ, ಇಂಥದೊಂದು ಪರೀಕ್ಷೆಯ ಸಂಗತಿಯನ್ನು ಹೇಳುತ್ತೇನೆ. ವಿನೋದದ ಕಥೆಯೆಂದೇ ನಾನು ಅದನ್ನು ಬಹುಕಾಲ ಗೆಳೆಯರಲ್ಲಿ ಹೇಳುತ್ತಿದ್ದೆ. ಈಗೀಗ ಹೇಳಹೊರಟರೆ ನಗು ಬಾಯಿಯವರೆಗೆ ಬಂದು ಹಿಂದಿರುಗುತ್ತದೆ.

ನನ್ನ ಅಕ್ಕನ ಗಂಡ ದೂಮಣ್ಣ ಭಾವನಿಗೆ ಬಂದರಿನಲ್ಲಿ ಅಕ್ಕಿ ಮಂಡಿ, ಕದ್ರಿಯಲ್ಲಿ ಮನೆ. ಮನೆಯೆಂದರೆ ಸಾಮಾನ್ಯದ್ದಲ್ಲ, ಅವರ ತಾಯಿ, ಅಕ್ಕತಂಗಿಯರು, ಆ ಅಕ್ಕತಂಗಿಯರ ಮಕ್ಕಳು, ಎಲ್ಲರೂ ಒಂದೇ ಸೂರಿನಡಿ ಬಾಳುವ ತುಂಬಿದ ಸಂಸಾರ. ಅಲ್ಲಿ ಸೌಟು ಬಿದ್ದರೆ ಯಾರ ಕೈಯಿಂದ ಬಿತ್ತು ಎಂದು ವಿಚಾರಣೆ ನಡೆಯುತ್ತಿತ್ತು. ಭಾವನಿಗೆ ಕಿವಿ ಕೊಂಚ ಮಂದವೆಂಬುದು ಎಲ್ಲರಿಗೂ ಗೊತ್ತಿತ್ತು, ಎಷ್ಟು ಮಂದವೆಂಬುದು ಯಾರಿಗೂ ಗೊತ್ತಿರಲಿಲ್ಲ. ಎದುರು ನಿಂತವರ ತುಟಿಯ ಚಲನೆಯಿಂದಲೇ ಅವರು ವ್ಯವಹಾರವನ್ನು ನಿಭಾಯಿಸುತ್ತಿದ್ದರು. ಯಾವುದಾದರೂ ಮಾತು ತಪ್ಪಿಹೋದರೆ, ಈಗಿನ ಕಾಲದವರು ಬಾಯಿ ತೆರೆದು ಮಾತಾಡುವುದನ್ನೇ ಮರೆತಿದ್ದಾರೆಂದು ಕಾಲವನ್ನು ದೂರುತ್ತಿದ್ದರು.

ಅವರಲ್ಲೊಂದು ಪುಟ್ಟ ಕಾರಿತ್ತು. ಅದನ್ನು ಅವರೇ ನಡೆಸುತ್ತಿದ್ದರು. ಅಕ್ಕ ಯಾವಾಗಲೂ ಅವರ ಎಡಬದಿಯಲ್ಲಿ ಕೂರುತ್ತಿದ್ದಳು. ಹಿಂದಿನ ಸೀಟಿನಲ್ಲಿ ಪರಾನ್ನದಂತೆ ಪರವಾಹನವನ್ನೂ ಸವಿಯುತ್ತ ಕೂತ ನಾನು ಎಷ್ಟೋ ಸಲ ನೋಡಿದ್ದೇನೆ, ಅಕ್ಕನ ಕೈ ಆಗಾಗ ಭಾವನ ಮೊಣಕಾಲನ್ನು ಮೆಲ್ಲನೆ ತಟ್ಟುತ್ತಿತ್ತು. ಒಡನೆ ಭಾವ ಕಾರನ್ನು ಬದಿಗೆ ಸರಿಸುತ್ತಿದ್ದರು. "ನಿನ್ನ ಅಕ್ಕ ಮಹಾ ಹೆದರುಪುಕ್ಕಿ ಮಾರಾಯ. ರಸ್ತೆಯಲ್ಲಿ ಎಂತ ಬಂದರೂ ತಟ್ತಾಳೆ. ಅವಳ ಸಮಾಧಾನಕ್ಕೆ ನಾನೂ ಸರಿಸ್ತೇನೆ" ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅಕ್ಕ ಮಾತ್ರ ರಸ್ತೆಯನ್ನೇ ನೋಡುತ್ತಿದ್ದಳು.

ಯುದ್ಧಕ್ಕೆ ಮೊದಲು, ಪೆಟ್ರೋಲು ಇನ್ನೂ ಸಲೀಸಾಗಿ ಸಿಗುತ್ತಿದ್ದ ದಿನಗಳಲ್ಲಿ, ಭಾವ ಇದ್ದಕ್ಕಿದ್ದಂತೆ ಒಂದು ಹಳೆಯ ಬಸ್ಸನ್ನು ಕೊಂಡರು. ಬಂದರಿನಲ್ಲಿ ದೋಣಿ ಕಟ್ಟುವ ಆಚಾರಿಗಳನ್ನು ಕರೆಸಿ, ಸೀಟುಗಳನ್ನೆಲ್ಲ ಕೀಳಿಸಿ, ಒಳಗೆ ಎರಡು ಮಂಚ, ಒಂದು ಅಡ್ಡಹಲಗೆಯ ಮೇಜು, ಒಲೆಗೊಂದು ಮೂಲೆ, ಕಿಟಕಿಗೆಲ್ಲ ಮರದ ಬಾಗಿಲು ಮಾಡಿಸಿದರು. ಇಬ್ಬರೇ ಊರೂರು ತಿರುಗುವುದು, ದಾರಿಯಲ್ಲಿಯೇ ಅಡುಗೆ, ದಾರಿಯಲ್ಲಿಯೇ ನಿದ್ರೆ ಎಂಬುದು ಸಂಕಲ್ಪ. ಇಂಥ ವಿಲಾಸವನ್ನು ಮಂಗಳೂರು ಕಂಡಿರಲಿಲ್ಲ. ನೆರೆಹೊರೆಯವರು ಅದಕ್ಕೆ "ಇಲ್ಲ್ ಬಸ್ಸು" ಎಂದು ಹೆಸರಿಟ್ಟರು. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಕನ್ನಡದಲ್ಲಿ ಇಲ್ಲ ಎಂದರೆ ಇಲ್ಲವೇ ಇಲ್ಲ. ಒಂದು ಭಾಷೆಯ ನಿವಾಸ ಇನ್ನೊಂದು ಭಾಷೆಯ ನಿರಾಕರಣವಾಗುವ ಈ ಚಮತ್ಕಾರವನ್ನು ನಾನು ತರಗತಿಯಲ್ಲಿ ಹುಡುಗರಿಗೆ ವಿವರಿಸಿ ಸಂತೋಷಪಟ್ಟದ್ದೂ ಉಂಟು. ಶ್ಲೇಷೆ ಅಪಶಕುನವೂ ಆಗಬಹುದೆಂದು ಪಂಡಿತನಿಗೆ ಹೊಳೆಯಲಿಲ್ಲ.

ಕಾರಿನ ಲೈಸೆನ್ಸು ಈ ಗಜಗಾತ್ರಕ್ಕೆ ಸಲ್ಲದಷ್ಟೆ. ಡ್ರೈವರನನ್ನು ಇಡಿ ಎಂದು ಎಲ್ಲರೂ ಹೇಳಿದರು. ಭಾವನಿಗಿಂತ ಮೊದಲು ಅಕ್ಕನೇ ಬೇಡವೆಂದಳು. ಹೀಗೆ ಒಂದು ಬೆಳಿಗ್ಗೆ ನಾವು ಮೂವರೂ ಪರೀಕ್ಷೆಗೆ ಹೊರಟೆವು. ಇನ್‌ಸ್ಪೆಕ್ಟರು ಬಳ್ಳಾರಿ ಕಡೆಯವರು. ಗಟ್ಟಿ ದನಿಯ, ಮೃದು ಕಣ್ಣಿನ ಮನುಷ್ಯ. ಅವರು ಸಹಜವಾಗಿಯೇ ಮುಂದಿನ ಎಡಬದಿಯ ಆಸನದಲ್ಲಿ ಕುಳಿತರು. ಅಕ್ಕ ಒಂದು ಕ್ಷಣ ಆ ಬಾಗಿಲ ಬಳಿಯೇ ನಿಂತಳು. "ನಾನು ಅಲ್ಲಿ ಕೂರಬಹುದಾ?" ಎಂದು ಕೇಳಿದಳು.

"ನೀವ್ ಹಿಂದ ಕುಂದ್ರ್ರಿ ತಾಯಿ, ಪರೀಕ್ಷೆ ಅವರಿಗೈತಿ" ಎಂದು ಇನ್‌ಸ್ಪೆಕ್ಟರು ನಕ್ಕರು.

ಅಕ್ಕ ಹಿಂದೆ ಬಂದು ಮಂಚದ ಅಂಚಿನಲ್ಲಿ ಕುಳಿತಳು. ಅವಳ ಮುಖ ಬಿಳುಪೇರಿತ್ತು. ಪ್ರಯಾಣದ ಕುಲುಕಾಟಕ್ಕೆ ಪಿತ್ತ ಕೆದರಿರಬೇಕೆಂದು ನಾನು ಜೇಬಿನಲ್ಲಿದ್ದ ಶುಂಠಿಯ ಚೂರನ್ನು ಕೊಡಹೋದೆ. ಅವಳು ನನ್ನ ಕೈಯನ್ನು ಸರಿಸಿದಳು.

ಭಾವ ಚೆನ್ನಾಗಿಯೇ ನಡೆಸಿದರು. ಬಂದರಿನ ಓಣಿಯಲ್ಲಿ ಮೂಟೆ ಹೇರಿದ ಎತ್ತಿನ ಗಾಡಿಗಳ ನಡುವೆ ಆ ದೈತ್ಯನನ್ನು ಹಿಮ್ಮೊಗವಾಗಿ ತಂದು ನಿಲ್ಲಿಸಿದಾಗ ಇನ್‌ಸ್ಪೆಕ್ಟರು "ಭೇಷ್" ಎಂದರು. ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದಂತೆ ಮತ್ತೆ ಎಬ್ಬಿಸಿದರು. ಕದ್ರಿಯ ಗುಡ್ಡವನ್ನು ಹತ್ತಿ, ಆಗ ಮನೆಗಳೇ ಇಲ್ಲದ ನಂತೂರಿನ ಕಡೆ ತಿರುಗಿದಾಗ ಕೆಲಸ ಮುಗಿದಂತೆಯೇ ಎಂದುಕೊಂಡು ನಾನು ಮಂಚದ ಮೇಲೆ ಕಾಲು ಚಾಚಿದೆ.

ಆಗ ಹಿಂದಿನಿಂದ ಹಾರ್ನು ಕೇಳಿಸಿತು. ಪ್ರಯಾಣಿಕರನ್ನು ತುಂಬಿಕೊಂಡ ಬಸ್ಸೊಂದು ದಾರಿ ಬೇಡುತ್ತಿತ್ತು. ಭಾವ ರಸ್ತೆಯ ನಡುವೆಯೇ ಹೋಗುತ್ತಿದ್ದರು. ಬಸ್ಸು ಮತ್ತೆ ಕೂಗಿತು. ಅಕ್ಕ ಎದ್ದು, ಕಿಟಕಿಯ ಕಂಬಗಳನ್ನು ಹಿಡಿದು ತೂರಾಡುತ್ತ ಮುಂದಕ್ಕೆ ಧಾವಿಸಿದಳು. ಕಾರಿನಲ್ಲಿ ಒಂದು ಗೇಣಿನ ಅಂತರವಿದ್ದದ್ದು ಇಲ್ಲಿ ಒಂದು ಜಗಲಿಯಷ್ಟಾಗಿತ್ತು. ಅವಳು ಭಾವನ ಹೆಗಲನ್ನು ಮುಟ್ಟುವ ಮೊದಲೇ ಬಸ್ಸಿನವನು ತಾಳ್ಮೆಗೆಟ್ಟು ಪಕ್ಕದಿಂದ ನುಗ್ಗಿದ. ಆ ಕ್ಷಣಕ್ಕೇ ಭಾವ, ಎದುರಿನ ಹೊಂಡವೊಂದನ್ನು ತಪ್ಪಿಸಲು, ಅದೇ ಪಕ್ಕಕ್ಕೆ ತಿರುಗಿಸಿದರು. ಇನ್‌ಸ್ಪೆಕ್ಟರು ಭಾವನ ಕೈಯಲ್ಲಿದ್ದ ಚಕ್ರವನ್ನು ಹಿಡಿದು ಎಳೆದದ್ದರಿಂದ ಎರಡು ವಾಹನಗಳ ನಡುವೆ ಗಾಳಿ ಮಾತ್ರ ಹಾದುಹೋಯಿತು. ಬಸ್ಸಿನ ಕಿಟಕಿಯಲ್ಲಿ ಮಗುವನ್ನು ಎದೆಗವಚಿಕೊಂಡ ಹೆಂಗಸೊಬ್ಬಳ ಮುಖ ನನಗೆ ಈಗಲೂ ಕಾಣುತ್ತದೆ.

ಗಾಡಿ ನಿಂತಿತು. ಇನ್‌ಸ್ಪೆಕ್ಟರು ಬೆವರೊರೆಸಿಕೊಂಡು, "ಹಿಂದ ಬಸ್ಸಿನಾವ ಅಷ್ಟು ಹಾರ್ನ್ ಹೊಡದ, ಕೇಳ್ಸಲಿಲ್ಲೇನ್ರೀ?" ಎಂದರು.

"ಯಾವ ಹಾರ್ನು?" ಎಂದರು ಭಾವ.

ಇನ್‌ಸ್ಪೆಕ್ಟರು ಕೆಳಗಿಳಿದು, ಸೀಟಿನಲ್ಲೇ ಕೂತಿದ್ದ ಭಾವನ ಬೆನ್ನ ಹಿಂದೆ ನಿಂತು ಅವರ ಹೆಸರನ್ನು ಕೂಗಿದರು. ಮತ್ತಷ್ಟು ಗಟ್ಟಿಯಾಗಿ ಕೂಗಿದರು. ಪಕ್ಕದ ಗದ್ದೆಯಲ್ಲಿದ್ದವರು ತಿರುಗಿ ನೋಡಿದರು, ಭಾವ ತಿರುಗಲಿಲ್ಲ. ಇನ್‌ಸ್ಪೆಕ್ಟರು ಮೆಲ್ಲನೆ ಮುಂದೆ ಬಂದು, "ಇಷ್ಟು ವರ್ಷ ಕಾರು ಹೊಡದೀರಲ್ರೀ, ಅದು ಹ್ಯಾಂಗ? ನಿಮಗ ಯಾರು ಕೇಳಿ ಹೇಳ್ತಿದ್ರು?" ಎಂದರು.

"ನಾನು" ಎಂದಳು ಅಕ್ಕ.

ಆ ಒಂದು ಶಬ್ದವನ್ನು ಭಾವ ಅವಳ ತುಟಿಯಿಂದ ಓದಿಕೊಂಡರು. ತಮ್ಮ ಮೊಣಕಾಲನ್ನು ಒಮ್ಮೆ ನೋಡಿದರು, ಅವಳ ಕೈಯನ್ನು ನೋಡಿದರು. ಆಮೇಲೆ ಎದುರಿನ ರಸ್ತೆಯನ್ನು ನೋಡುತ್ತ ಕುಳಿತುಬಿಟ್ಟರು.

ದೊಡ್ಡ ಗಾಡಿಯ ಲೈಸೆನ್ಸು ದೊರೆಯಲಿಲ್ಲ. ಕಾರಿನದನ್ನೂ ಕಾನೂನು ಹಿಂದಕ್ಕೆ ಪಡೆಯಿತು. ಹಾಗೆ ಮಾಡಲೇಬೇಕಾದದ್ದಕ್ಕೆ ಇನ್‌ಸ್ಪೆಕ್ಟರು ಅಕ್ಕನ ಕ್ಷಮೆ ಕೇಳಿದರು. ಭಾವ ಅವರ ಮೇಲೆ ಸಿಟ್ಟಾಗಲಿಲ್ಲ. ಅವರ ಸಿಟ್ಟೆಲ್ಲ ಅಕ್ಕನ ಮೇಲೆ. "ನನಗೆ ಕೇಳುವುದಿಲ್ಲ ಅಂತ ನನಗೇ ಹೇಳಲಿಲ್ಲ ಇವಳು. ಹೆದರುಪುಕ್ಕಿ ಅಂತ ಊರೆದುರು ನಾನು ಇವಳನ್ನು ಹಾಸ್ಯ ಮಾಡಿದೆನಲ್ಲ, ಆಗಲಾದರೂ ಹೇಳಬಾರದಿತ್ತಾ?" ಎಂದು ನನ್ನಲ್ಲಿ ಹೇಳಿದವರು, ಅವಳೊಡನೆ ಮಾತನ್ನೇ ಬಿಟ್ಟರು. ಮಂಡಿಗೂ ನಡೆದೇ ಹೋಗತೊಡಗಿದರು. ಅವರ ಅಕ್ಕತಂಗಿಯರು, ಕಿವುಡನಿಗೆ ಬಸ್ಸಿನ ಹುಚ್ಚು ಹತ್ತಿಸಿದವಳು ಇವಳೇ ಎಂದು ಅಡುಗೆಮನೆಯಲ್ಲಿ ಆಡಿಕೊಂಡರು. ಆ ಮನೆಯಲ್ಲಿ ಆಡಿಕೊಳ್ಳುವುದೆಂದರೆ ಸಾರಿದಂತೆಯೇ.

ಗಾಡಿಯನ್ನು ಮಾರಿಬಿಡುವಂತೆ, ಇಲ್ಲವೇ ಡ್ರೈವರನೊಬ್ಬನನ್ನು ಇಟ್ಟು ಒಮ್ಮೆಯಾದರೂ ತಿರುಗಿ ಬರುವಂತೆ ಬುದ್ಧಿ ಹೇಳಲು ನಾನು ಅಕ್ಕನ ಬಳಿಗೆ ಹೋದೆ. ಬುದ್ಧಿ ಹೇಳುವುದು ನನ್ನ ವೃತ್ತಿ. ಕೇಳಿದವರು ಈವರೆಗೆ ಸಿಕ್ಕಿಲ್ಲ. ಅವಳು ಬಾವಿಕಟ್ಟೆಯ ಬಳಿ ನಿಂತು, ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು: "ಡ್ರೈವರ್ ಇದ್ದರೆ ಮತ್ತೆ ಎಂತ ಪ್ರಯೋಜನ ತಮ್ಮ? ಅವರಿಗೆ ಕೇಳಬೇಕಾದರೆ ನಾನು ಬೊಬ್ಬೆ ಹಾಕಬೇಕು. ಈ ಮನೆಯಲ್ಲಿ ಬೊಬ್ಬೆ ಹಾಕಿ ಹೇಳುವ ಮಾತಾ ಅದು? ಊಟಕ್ಕೆ ಬನ್ನಿ, ಅಕ್ಕಿ ತನ್ನಿ, ಅಷ್ಟನ್ನು ಮುಖ ನೋಡಿ ಹೇಳಬಹುದು. ಸೀತೆಯ ವಿಷಯ ಹಾಗೆ ಹೇಳ್ಲಿಕ್ಕೆ ಆಗ್ತದಾ?"

ಸೀತೆ ಅವರ ಒಬ್ಬಳೇ ಮಗಳು. ಬಹಳ ವರ್ಷಗಳ ಹಿಂದೆ ಒಂದು ಆಷಾಢದಲ್ಲಿ ವಿಷಮಜ್ವರಕ್ಕೆ ತೀರಿಕೊಂಡಳು. ಭಾವ ಆಗ ಅಕ್ಕಿ ಖರೀದಿಗೆಂದು ಕಾರ್ಕಳಕ್ಕೆ ಹೋಗಿದ್ದರು. ಸುದ್ದಿ ತಿಳಿದು ಹಿಂದಿರುಗುವಾಗ ಗುರುಪುರದ ಹೊಳೆ ತುಂಬಿ ದೋಣಿ ನಿಂತಿತ್ತು. ಅವರು ಮನೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅಂದಿನಿಂದ ಗಂಡಹೆಂಡಿರು ಆ ಮಗುವಿನ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಮೊದಲು ದುಃಖ ಅಡ್ಡ ಬಂತು. ದುಃಖ ಸ್ವಲ್ಪ ಸರಿಯುವಷ್ಟರಲ್ಲಿ ಕಿವಿ ಅಡ್ಡ ಬಂತು. ಬಸ್ಸು ಕೊಳ್ಳುವ ಯೋಚನೆಯನ್ನು ಭಾವನ ತಲೆಯಲ್ಲಿ ಬಿತ್ತಿದವಳು ಅಕ್ಕನೇ. ಎಲ್ಲಾದರೂ ಒಂದು ಬಯಲಿನಲ್ಲಿ ಗಾಡಿ ನಿಲ್ಲಿಸಿ, ಯಾರಿಗೂ ಕೇಳಿಸದ ಜಾಗದಲ್ಲಿ, ಗಂಡನಿಗೆ ಕೇಳಿಸುವಂತೆ ಮಾತಾಡಬೇಕೆಂಬುದಷ್ಟೇ ಅವಳ ದೇಶಸಂಚಾರ.

ನಾನು ಆಡಹೋದ ಬುದ್ಧಿಮಾತನ್ನೆಲ್ಲ ನುಂಗಿಕೊಂಡೆ. ಕಾವೂರಿನ ಕೆರೆಯ ಬದಿಯಲ್ಲಿ ಭಾವನದೇ ಒಂದು ಗದ್ದೆಯಿತ್ತು. ನಿಂತ ಗಾಡಿಗೆ ಯಾವ ಲೈಸೆನ್ಸೂ ಬೇಡವಲ್ಲ ಎಂದು ನನಗೆ ತೋಚಿತು. ಜೀವಮಾನದಲ್ಲಿ ನನಗೆ ತೋಚಿದ ಉಪಯುಕ್ತ ವಿಚಾರ ಅದೊಂದೇ ಇರಬೇಕು. ಬಸ್ಸಿನ ಡ್ರೈವರನೊಬ್ಬನನ್ನು ಗೊತ್ತುಮಾಡಿ, ಗಾಡಿಯನ್ನು ಅಲ್ಲಿಗೆ ಸಾಗಿಸಿ, ಅವನನ್ನು ಕಳಿಸಿಬಿಟ್ಟೆ. ಕೊಯ್ಲಿನ ಮೇಲ್ವಿಚಾರಣೆಯ ನೆವ ಹೂಡಿ ಅಕ್ಕ ಭಾವನನ್ನು ಕರೆದುಕೊಂಡು ಹೋದಳು. ಭಾವ ಮುಖ ಗಂಟಿಕ್ಕಿಕೊಂಡೇ ಹೊರಟರು.

ಆ ವಾರದ ಕೊನೆಯಲ್ಲಿ ನಮ್ಮ ತಾಯಿ ಕೊಟ್ಟ ಹಪ್ಪಳದ ಕಟ್ಟನ್ನು ಹಿಡಿದು ನಾನು ಕಾವೂರಿಗೆ ನಡೆದೆ. ಇಳಿಹೊತ್ತು. ಕೆರೆಯ ಏರಿಯ ಮೇಲೆ ಬರುವಾಗಲೇ ಬಸ್ಸು ಕಂಡಿತು; ಕಿಟಕಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು. ಅಷ್ಟು ಎತ್ತರದ ದನಿ ಅವಳಲ್ಲಿ ಉಂಟೆಂದೇ ನಾನು ಅರಿತಿರಲಿಲ್ಲ. ಜಗಳವೆಂದು ಬಗೆದು ಎರಡು ಹೆಜ್ಜೆ ಬೇಗ ಹಾಕಿದೆ. ಮಾತು ಸ್ಪಷ್ಟವಾದೊಡನೆ ನಿಂತೆ.

"ಕೊನೆಗೆ ಅವಳು ನಿಮ್ಮನ್ನೇ ಕೇಳಿದಳು. ಅಪ್ಪ ಹೊಳೆ ದಾಟಿದರಾ ಅಂತ ಕೇಳಿದಳು!"

ಆಮೇಲೆ, ಕಿವುಡರ ಒಡೆದ ಗಟ್ಟಿ ದನಿಯಲ್ಲಿ ಭಾವ: "ಎಂತ? ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಹೇಳು."

ಅಷ್ಟು ವರ್ಷ ಹೊತ್ತು, ಒಮ್ಮೆ ಹೇಗೋ ಹೊರಗೆ ಹಾಕಿದ ಮಾತನ್ನು ಅವಳು ಮತ್ತೊಮ್ಮೆ ಎತ್ತಬೇಕಾಯಿತು. ಈ ಬಾರಿ ಕೆರೆಯಂಚಿನ ಕೊಕ್ಕರೆಗಳು ಎದ್ದು ಹಾರುವಷ್ಟು ಗಟ್ಟಿಯಾಗಿ, ಒಂದೊಂದೇ ಶಬ್ದವನ್ನು ಬಿಡಿಸಿ ಕೂಗಿದಳು.

"ಅಪ್ಪ ಹೊಳೆ ದಾಟಿದರಾ ಅಂತ ಕೇಳಿದಳು!"

"ನೀನು ಎಂತ ಹೇಳಿದಿ?"

"ದಾಟಿದರು, ಬರ್ತಾ ಇದ್ದಾರೆ ಅಂತ ಹೇಳಿದೆ. ಸುಳ್ಳು ಹೇಳಿದೆ."

ಭಾವ ಮತ್ತೆ "ಎಂತ" ಎಂದು ಕೇಳಲಿಲ್ಲ. ಕೊಕ್ಕರೆಗಳು ಒಂದು ಸುತ್ತು ಹಾಕಿ ಬಂದು ಕೆರೆಯ ಆಚೆ ದಡದಲ್ಲಿ ಇಳಿದವು. ಬಸ್ಸಿನೊಳಗಿನಿಂದ ಬಂದ ಸದ್ದು ಮಾತಿನದಾಗಿರಲಿಲ್ಲ. ಅದು ಇಬ್ಬರಲ್ಲಿ ಯಾರದೆಂದು ಏರಿಯ ಮೇಲೆ ನಿಂತ ನನಗೆ ತಿಳಿಯಲಿಲ್ಲ. ಹಪ್ಪಳದ ಕಟ್ಟನ್ನು ಗದ್ದೆಯ ಬೇಲಿ ದಾಟುವ ತಡಮೆಯ ಮೇಲಿಟ್ಟು ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ.